ಬೇಜಾದಲ್ಲಿ ನಾನು ತೆರೆದ ಎಂಟು ಕಿಟಕಿಗಳು

ಲಿಸ್ಬನ್ ವಿಮಾನ ನಿಲ್ದಾಣ

ಹೊರದೇಶಕ್ಕೆ ಹೋಗಿಬಂದವರು ಮೊದಲು ಅಲ್ಲಿನ ರಸ್ತೆಯ ಚೊಕ್ಕಟತನವನ್ನು ಹೊಗಳಬೇಕು ಎಂಬುದು ನಮ್ಮ ಕಾರವಾರದ ಕಡೆ ರೂಢಿ. ನಾನು ರಸ್ತೆ ನೋಡುವ ಮೊದಲೇ ಕಸ್ಟಮ್ಸ್‌ನವರ ಕೈಗೆ ಸಿಕ್ಕಿಬಿದ್ದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಚೀಲದಲ್ಲಿ ಎರಡು ಡಬ್ಬಗಳಿದ್ದವು. ಒಂದರಲ್ಲಿ ಒಣ ಸೀಗಡಿಯ ಚಟ್ನಿ. ಇನ್ನೊಂದರಲ್ಲಿ ಕೋಕಂ ಸೊಲೆ, ಅಂದರೆ ಉಪ್ಪು ಹಚ್ಚಿ ಒಣಗಿಸಿದ ಕೋಕಂ ಹಣ್ಣಿನ ಸಿಪ್ಪೆ. ಅಧಿಕಾರಿ ಗಡ್ಡವನ್ನು ನೀಟಾಗಿ ಕತ್ತರಿಸಿಕೊಂಡ ಸಭ್ಯ ಮನುಷ್ಯ. ಗ್ರಹಚಾರಕ್ಕೆ ಮೊದಲು ಸೀಗಡಿಯ ಡಬ್ಬವನ್ನೇ ಬಿಚ್ಚಿದ. ಬಿಚ್ಚಿದ್ದಕ್ಕಿಂತ ಬೇಗ ಮುಚ್ಚಿದ. ನನ್ನ ಹಿಂದೆ ನಿಂತಿದ್ದ ದಂಪತಿ ಸದ್ದಿಲ್ಲದೆ ಬೇರೆ ಸಾಲಿಗೆ ಹೋದರು.

ಎರಡನೆಯ ಡಬ್ಬದಲ್ಲಿ ಕಪ್ಪಗೆ ಮುರುಟಿಕೊಂಡ ಸೊಲೆ ನೋಡಿ ಅವನಿಗೆ ಇನ್ನೂ ಗಾಬರಿಯಾಯಿತು. ಇದು ಯಾವ ಪ್ರಾಣಿಯದು ಎನ್ನುವ ಹಾಗೆ ಕೈ ಮಾಡಿದ. ನಾನು ಮರ, ಹಣ್ಣು, ಬಿಸಿಲು, ಲೋಟ, ಹೊಟ್ಟೆ ತಂಪು ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಹೊಟ್ಟೆ ತಂಪಾಗುವುದನ್ನು ಅಭಿನಯಿಸುವುದು ಸುಲಭವಲ್ಲ; ಅವನು ನನಗೆ ಹೊಟ್ಟೆನೋವು ಎಂದುಕೊಂಡು ಕುರ್ಚಿ ತರಿಸಿದ. ಕೊನೆಗೆ, ಬೇಕಾದರೆ ಮೊದಲಿನ ಡಬ್ಬ ಇನ್ನೊಮ್ಮೆ ನೋಡಪ್ಪ ಎಂದು ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಎರಡೂ ಕೈಯಿಂದ ಹೊರಬಾಗಿಲು ತೋರಿಸಿದ.

ಸೀಗಡಿ ಕಿತ್ತುಕೊಂಡಿದ್ದರೆ ನಾನು ಸುಮ್ಮನಿರುತ್ತಿದ್ದೆ. ಸೊಲೆ ಕಿತ್ತುಕೊಂಡಿದ್ದರೆ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಿದ್ದೆ. ಅದು ನನ್ನ ಗೆಳತಿ, ಅಂಕೋಲಾದ ಸುಮಿತ್ರಾ ತನ್ನ ಕೈಯಾರೆ ಒಣಗಿಸಿದ ಕೊನೆಯ ಸೊಲೆ.

ಬೇಜಾಕ್ಕೆ ಹೋಗುವ ಬಸ್ಸಿನಲ್ಲಿ

ಬಸ್ಸು ಬಯಲಿಗೆ ಬಿದ್ದ ಮೇಲೆ ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಕಟಾವಾದ ಗೋಧಿಯ ಹೊಲ, ಅಲ್ಲೊಂದು ಇಲ್ಲೊಂದು ಗಿಡ್ಡ ಮರ, ಕರೆಂಟ್ ಕಂಬದ ತುದಿಯಲ್ಲಿ ಕೊಕ್ಕರೆಯ ಗೂಡು. ಆದ್ದರಿಂದ ಈ ಹೊತ್ತಿನಲ್ಲಿ ನನ್ನ ಪರಿಚಯ ಮುಗಿಸಿಬಿಡುತ್ತೇನೆ.

ನಾನು ವಿಮಲಾ. ಸದಾಶಿವಗಡದವಳು. ಹೊಳೆ ದಾಟಿ ಕಾರವಾರದ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗಿ ಬಂದು ನನ್ನ ಆಯುಷ್ಯ ಸವೆಯಿತು. ಟ್ರಂಕ್ ಕಾಲ್ ಕಾಲದಲ್ಲಿ ಆಪರೇಟರ್. ಆಮೇಲೆ ಯಂತ್ರಗಳು ಬಂದು ನಮ್ಮನ್ನು ದೂರು ಬರೆದುಕೊಳ್ಳುವ ಮೇಜಿಗೆ ದಬ್ಬಿದವು. ಆಪರೇಟರುಗಳಿಗೆ ಹೆಸರಿರುತ್ತಿರಲಿಲ್ಲ, ಊರಿರುತ್ತಿತ್ತು. ಫೋನು ಎತ್ತಿದ ಕೂಡಲೇ ತನ್ನ ಊರಿನ ಹೆಸರು ಹೇಳಬೇಕು. ಅತ್ತ ಕಡೆಯಿಂದ ಸುಮಿತ್ರಾ "ಅಂಕೋಲಾ" ಎನ್ನುತ್ತಿದ್ದಳು, ಇತ್ತ ಕಡೆಯಿಂದ ನಾನು "ಕಾರವಾರ" ಎನ್ನುತ್ತಿದ್ದೆ. ಅವಳ ಮುಖ ನೋಡುವ ಮೊದಲು ಎರಡು ವರ್ಷ ಅವಳ ದನಿಯ ಜೊತೆ ಸ್ನೇಹ ಮಾಡಿದ್ದೆ. ಅವಳ ಮದುವೆಯ ಊಟದ ಪಂಕ್ತಿಯಲ್ಲಿ ಅವಳು ನನ್ನನ್ನು ಗಂಡನಿಗೆ ತೋರಿಸಿದ್ದು ಹೀಗೆ: "ಇದೇ ಕಾರವಾರ."

ನಮಗೆ ಇನ್ನೊಂದು ನಿಯಮವಿತ್ತು. ಆಪರೇಟರ್ ತಾನಾಗಿ ಲೈನು ಕೀಳಬಾರದು. "ಮಾತು ಮುಗೀತಾ?" ಎಂದು ಕೇಳಬೇಕು, ಹೌದು ಎಂದ ಮೇಲೆಯೇ ಬಿಡಬೇಕು. ಗಂಡ ಹೆಂಡತಿ ಜಗಳವಾಡುತ್ತಿರಲಿ, ದುಬೈಯಿಂದ ಸಾವಿನ ಸುದ್ದಿ ಬಂದಿರಲಿ, ಕೇಳದೆ ಕೀಳುವ ಹಾಗಿಲ್ಲ. ಕೆಲಸದಲ್ಲಿದ್ದಷ್ಟು ವರ್ಷ ನಾನು ಈ ನಿಯಮ ಮುರಿದವಳಲ್ಲ. ನಿವೃತ್ತಿಯಾದ ಮೇಲೂ ನಾನೂ ಸುಮಿತ್ರಾಳೂ ದಿನಾ ಮಧ್ಯಾಹ್ನ ಮೂರಕ್ಕೆ ಮಾತಾಡುತ್ತಿದ್ದೆವು, ಹಾಗೇ ಊರು ಹೇಳಿ, ಹಾಗೇ ಕೇಳಿ ಮುಗಿಸಿ. ಕಳೆದ ವರ್ಷ ಮೇ ತಿಂಗಳಲ್ಲಿ ಅವಳು ತೀರಿಕೊಂಡಳು. ಅವಳ ಕೊನೆಯ ಮಾತು ಕೇಳಿದವಳು ನಾನು. ಅದನ್ನು ಅವಳ ಗಂಡ ಬೀರಣ್ಣನಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಹದಿಮೂರನೆಯ ದಿನ ಬೀರಣ್ಣ ಒಂದು ಡಬ್ಬ ಸೊಲೆ ನನ್ನ ಕೈಗಿಟ್ಟು, "ಅವಳು ನಿಂಗೇಂತ ತೆಗೆದಿಟ್ಟಿತ್ತು" ಎಂದಾಗಲೂ ಬಾಯಿ ಬಿಡದೆ ಡಬ್ಬ ತೆಗೆದುಕೊಂಡು ಬಸ್ಸು ಹತ್ತಿದೆ.

ಇನ್ನು ನೇತ್ರಾ. ಮಾಜಾಳಿಯಲ್ಲಿರುವ ನನ್ನ ತಂಗಿಯ ಮಗಳು. ದಿನಾ ಗಡಿ ದಾಟಿ ಗೋವಾದ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವಳು, ಗಡಿ ದಾಟುವ ಚಟ ಹತ್ತಿ ಪೋರ್ತುಗಾಲಿನ ಬೇಜಾ ಎಂಬ ಊರು ಸೇರಿದ್ದಳು. ಅಲ್ಲಿ ಎಂಬತ್ತನಾಲ್ಕು ವರ್ಷದ ಒಬ್ಬ ಅಜ್ಜಿಯ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುವ ಕೆಲಸ. ಜುಲೈಯಲ್ಲಿ ಮೆಟ್ಟಿಲು ಜಾರಿ ಕಾಲಿನ ಮೂಳೆ ಮುರಿದುಕೊಂಡಳು. "ಮಾವ್ಶೀ, ಒಂದು ತಿಂಗಳು ಬಂದು ಹೋಗ್ತ್ಯಾ? ಇಲ್ಲಿ ನನ್ನನ್ನೇ ಯಾರಾರೂ ನೋಡ್ಕೊಳ್ಬೇಕು" ಎಂದು ಅತ್ತಳು. ಊರಿನ ಹೆಸರು ಬೇಜಾರಿಗೆ ಒಂದೇ ಅಕ್ಷರ ಕಮ್ಮಿ, ಯಾರಿಗೆ ಬೇಕು ಎಂದುಕೊಂಡೇ ಹೊರಟೆ.

ಮೊದಲ ಸಂಜೆ

ರಾತ್ರಿ ಒಂಬತ್ತಕ್ಕೂ ಮುಳುಗಲು ಒಪ್ಪದ ಸೂರ್ಯನನ್ನು ನಾನು ಅಲ್ಲೇ ನೋಡಿದ್ದು. ಸುಣ್ಣ ಬಳಿದ ಗಿಡ್ಡ ಮನೆಗಳ ಸಾಲು. ಹಗಲಿಡೀ ಆ ಬೀದಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಸೂರ್ಯ ಓರೆಯಾದ ಮೇಲೆ ಒಂದೊಂದೇ ಬಾಗಿಲು ತೆರೆದು, ಒಬ್ಬೊಬ್ಬರೇ ಮುದುಕ ಮುದುಕಿಯರು ಕುರ್ಚಿ ಎತ್ತಿಕೊಂಡು ಹೊರಬಂದು ಬಾಗಿಲೆದುರು ಕೂರುತ್ತಾರೆ. ನಮ್ಮಲ್ಲಿ ಕಟ್ಟೆಯ ಮೇಲೆ ಕೂತು ಊರಿನವರ ಚಾಡಿ ಹೇಳುವ ಹಾಗೆಯೇ. ಭಾಷೆ ತಿಳಿಯದಿದ್ದರೂ ಇಲ್ಲಿ ನಡೆಯುತ್ತಿರುವುದು ಚಾಡಿಯೇ ಎಂದು ನನಗೆ ತಕ್ಷಣ ಗೊತ್ತಾಯಿತು.

ನೇತ್ರಾ ನೋಡಿಕೊಳ್ಳುವ ಅಜ್ಜಿಯ ಹೆಸರು ದೋನಾ ಅಮೇಲಿಯಾ. ದೋನಾ ಅಂದರೆ ನಾವು ಹೆಸರಿನ ಕೊನೆಗೆ 'ಬಾಯಿ' ಎಂದು ಸೇರಿಸಿದ ಹಾಗೆ, ಮರ್ಯಾದೆಗೆ. ಕಪ್ಪು ಗೌನು, ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ಕಡೆ ಬೆರಳು ತೋರಿಸಿ ಏನೋ ಕೇಳಿದರು. ಹೆಸರು ಕೇಳುತ್ತಿದ್ದಾರೆಂದು ತಿಳಿದು ಎದೆ ಮುಟ್ಟಿಕೊಂಡೆ. ಹಳೆಯ ಚಾಳಿ, ಬಾಯಿಂದ ಬಂದದ್ದು "ಕಾರವಾರ." ಅಂದಿನಿಂದ ಬೇಜಾದಲ್ಲಿ ನನ್ನ ಹೆಸರು ಕಾರ್ವಾರ್. ನೇತ್ರಾ ತಿದ್ದಲು ಹೋದಳು, ನಾನೇ ತಡೆದೆ. ಇನ್ನು ಯಾರೂ ನನ್ನನ್ನು ಹಾಗೆ ಕರೆಯುವುದಿಲ್ಲ ಎಂದುಕೊಂಡಿದ್ದೆ.

ಅಜ್ಜಿ ಎರಡು ಕುರ್ಚಿ ಹೊರಗಿಟ್ಟಿದ್ದರು. ಒಂದರಲ್ಲಿ ತಾವು ಕೂತರು. ಅತಿಥಿ ಸತ್ಕಾರ ಎಂದರೆ ಹೀಗಿರಬೇಕು ಎಂದು ಮೆಚ್ಚಿ ನಾನು ಇನ್ನೊಂದರಲ್ಲಿ ಕೂತೆ. ಬೀದಿಯ ಚಾಡಿ ನಿಂತಿತು. ಎದುರು ಮನೆಯ ಜುವಾಕಿಂ ಅಜ್ಜ, ಹಿಂದೆ ಕುರಿ ಕಾಯುತ್ತಿದ್ದವರು, ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಒಳಗಿಂದ ನೇತ್ರಾ ಕೂಗಿದಳು: "ಮಾವ್ಶೀ, ಏಳು! ಅದು ಸತ್ತವರ ಖುರ್ಚಿ!"

ಅಜ್ಜಿಯ ತಂಗಿ ಲೂಸಿಯಾಳ ಕುರ್ಚಿ ಅದು. ಕಾಲಿಟ್ಟ ದಿನವೇ ಸತ್ತವರ ಜಾಗದಲ್ಲಿ ಕೂತ ಕೀರ್ತಿ ನನಗೆ ಸಂದಿತು. ಎದ್ದು ಹೊಸ್ತಿಲ ಮೇಲೆ ಕೂತೆ. ಅದು ಬೆಂಕಿಯ ಹಾಗೆ ಸುಡುತ್ತಿತ್ತು. ಆದರೂ ಮರ್ಯಾದೆಗೆ ಎದ್ದೇಳಲಿಲ್ಲ.

ಮೂರನೆಯ ದಿನ

ಅಜ್ಜಿಗೂ ನನಗೂ ನಡುವೆ ಹತ್ತು ಹನ್ನೆರಡು ಮಾತುಗಳ ಸೇತುವೆ ಇತ್ತು. ನಮ್ಮ ಮನೆಯ ಕೊಂಕಣಿಯಲ್ಲಿ ಬಕೇಟಿಗೆ ಬಾಲ್ದಿ, ಅವರೂ ಬಾಲ್ದಿ ಎನ್ನುತ್ತಾರೆ. ಬೀಗದ ಕೈಗೆ ಚಾವಿ, ಕಿಟಕಿಗೆ ಜನೇಲ, ಬ್ರೆಡ್ಡಿಗೆ ಪಾವ್. ಮಾಜಾಳಿಯಿಂದ ಆಚೆಗೆ ಗೋವಾದಲ್ಲಿ ಇವರು ನಾಲ್ಕು ನೂರು ವರ್ಷ ಕೂತಿದ್ದರಲ್ಲ, ಹೋಗುವಾಗ ಇಷ್ಟಾದರೂ ಬಿಟ್ಟು ಹೋದರು. ಬಾಲ್ದಿ, ಚಾವಿ, ಜನೇಲ ಮೂರೇ ಪದದಲ್ಲಿ ನಾವು ಅರ್ಧ ಗಂಟೆ ಜಗಳವಾಡಬಲ್ಲವರಾದೆವು.

ಜಗಳ ಯಾವಾಗಲೂ ಕಿಟಕಿಯದೇ. ಬೆಳಿಗ್ಗೆ ಎಂಟಾಗುವ ಮೊದಲೇ ಅಜ್ಜಿ ಮನೆಯ ಎಂಟೂ ಕಿಟಕಿಗಳನ್ನು ಮುಚ್ಚಿ, ಒಳಗಿನಿಂದ ಮರದ ಬಾಗಿಲುಗಳನ್ನೂ ಎಳೆದುಬಿಡುತ್ತಿದ್ದರು. ಹಗಲು ಹೊತ್ತಿನಲ್ಲಿ ಕತ್ತಲೆ. ಸದಾಶಿವಗಡದಲ್ಲಿ ಹಾಗೆ ಕಿಟಕಿ ಮುಚ್ಚಿದರೆ ಆ ಮನೆಯಲ್ಲಿ ಯಾರೋ ಹೋದರು ಎಂದು ನೆರೆಯವರು ಬಂದುಬಿಡುತ್ತಾರೆ. ನಮ್ಮಲ್ಲಿ ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ ಗಾಳಿ ಹಾಯಬೇಕು. ಮಧ್ಯಾಹ್ನ ಕಡಲ ಗಾಳಿ ಎದ್ದಾಗ ಇಡೀ ಮನೆ ತೆರೆದಿಟ್ಟು, ಚಾಪೆ ಹಾಸಿ ಬಿದ್ದುಕೊಳ್ಳುವುದೇ ಸೆಕೆಗೆ ಮದ್ದು.

"ಇಲ್ಲಿ ಕಡಲಿಲ್ಲ ಮಾವ್ಶೀ" ಎಂದಳು ನೇತ್ರಾ, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು. "ಹೊರಗಿನ ಗಾಳಿ ಒಳಗಿನಕ್ಕಿಂತ ಬಿಸಿ ಅದೆ. ರಾತ್ರಿ ತೆಗೀಬೇಕು, ಹಗಲಿಗೆ ಬಂದ್. ನಡುವೆ ಮುಟ್ಟೂಕೆ ಇಲ್ಲ."

"ಗಾಳಿ ಎಲ್ಲಾದ್ರೂ ಬಿಸಿ ಆಗ್ತದ್ಯೇ? ಕಾರವಾರದವಳಿಗೆ ಸೆಕೆ ಕಲಿಸೂಕೆ ಬರ್ಬೇಡ."

ನನ್ನ ಬಳಿ ಇನ್ನೊಂದು ಸಾಕ್ಷ್ಯವಿತ್ತು. ಅಲ್ಲಿ ನಾನು ಬೆವರುತ್ತಲೇ ಇರಲಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ಸ್ನಾನ ಮಾಡಿ ಮೈ ಒರೆಸುವಾಗಲೇ ಎರಡನೆಯ ಸ್ನಾನ ಆಗುತ್ತಿರುತ್ತದೆ. ಇಲ್ಲಿ ಕುಪ್ಪಸ ಒಣಗಿ ಗರಿಗರಿ. ಒಗೆದ ಸೀರೆ ಕಾಲು ಗಂಟೆಯಲ್ಲಿ ಹಪ್ಪಳ. ಬೆವರಿಲ್ಲದ ಸೆಕೆ ಎಂಥ ಸೆಕೆ, ಇವರೆಲ್ಲ ಸುಮ್ಮನೆ ಬೊಬ್ಬೆ ಹೊಡೆಯುತ್ತಾರೆ ಎಂದು ತೀರ್ಮಾನಿಸಿದೆ. ಬೆವರು ಹುಟ್ಟಿದಷ್ಟೇ ಬೇಗ ಆರಿಹೋಗುತ್ತಿದೆ, ಮೈಯ ನೀರೆಲ್ಲ ಹಾಗೇ ಸೋರುತ್ತಿದೆ ಎಂಬ ವಿಜ್ಞಾನ ನನಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ನಾನು ಮೂರು ಸಲ ತಲೆ ಸುತ್ತಿ ಗೋಡೆ ಹಿಡಿದಿದ್ದೆ. ವಿಮಾನದ ಆಯಾಸ ಎಂದು ನೇತ್ರಾಳಿಗೆ ಸುಳ್ಳು ಹೇಳಿದ್ದೆ.

ಆರನೆಯ ದಿನ

ಟಿವಿಯಲ್ಲಿ ಇಡೀ ದೇಶದ ನಕ್ಷೆ ಕೆಂಪಾಗಿತ್ತು. ಇಬ್ಬರು ಪೊಲೀಸರು ಬೀದಿಗೆ ಬಂದು ಒಂಟಿ ಮುದುಕರ ಬಾಗಿಲು ತಟ್ಟಿ, ನೀರು ಕುಡಿದಿರಾ ಎಂದು ಕೇಳಿಕೊಂಡು ಹೋದರು. ನಮ್ಮ ಕಡೆ ಪೊಲೀಸರು ನೀರು ಕುಡಿದಿರಾ ಎಂದು ಕೇಳಿದರೆ ನಾವು ಮೊದಲು ವಕೀಲರನ್ನು ಹುಡುಕುತ್ತೇವೆ.

ಅವರು ಹೋದ ಮೇಲೆ ನೇತ್ರಾ ಲೂಸಿಯಾಳ ಕಥೆ ಹೇಳಿದಳು. ಲೂಸಿಯಾ ಮುಂದಿನ ತಿರುವಿನಲ್ಲಿ ಮೂರನೆಯ ಮಾಳಿಗೆಯಲ್ಲಿದ್ದಳು. ಹಿಂದಿನ ಬೇಸಿಗೆಯಲ್ಲಿ ಅಕ್ಕ ತಂಗಿಗೆ ಸಣ್ಣ ಜಗಳ. ಎರಡು ಸಂಜೆ ಲೂಸಿಯಾ ಬೀದಿಗೆ ಬರಲಿಲ್ಲ. ಮುನಿಸಿಕೊಂಡಿದ್ದಾಳೆ, ಇರಲಿ ಎಂದು ಅಕ್ಕನೂ ಹೋಗಿ ನೋಡಲಿಲ್ಲ. ಮೂರನೆಯ ದಿನ ಬಾಗಿಲು ಒಡೆದರು. ಆ ಬೇಸಿಗೆಯಲ್ಲಿ ಈ ಒಂದೇ ಬೀದಿಯಲ್ಲಿ ಮೂರು ಕುರ್ಚಿ ಖಾಲಿಯಾದವು. ಪೇಪರಿನವರು ದೇಶದ ಲೆಕ್ಕ ಬರೆಯುತ್ತಾರೆ, ಇವರು ಕುರ್ಚಿ ನೋಡುತ್ತಾರೆ. ಈಗ ಕತ್ತಲಾಗುವ ಮೊದಲು ಯಾರದಾದರೂ ಕುರ್ಚಿ ಕಾಣದಿದ್ದರೆ ಯಾರಾದರೊಬ್ಬರು ಎದ್ದು ಹೋಗಿ ಬಾಗಿಲು ಬಡಿಯುತ್ತಾರೆ, ಜಗಳವಿದ್ದರೂ.

ನಮ್ಮಲ್ಲಿ ಸೆಕೆಯಿಂದ ಯಾರೂ ಸಾಯುವುದಿಲ್ಲ. ಬಿ.ಪಿ.ಯಿಂದ ಸಾಯುತ್ತಾರೆ, ಶುಗರ್‌ನಿಂದ ಸಾಯುತ್ತಾರೆ, ವಯಸ್ಸಾಗಿತ್ತು ಎಂಬ ಕಾಯಿಲೆಯಿಂದ ಸಾಯುತ್ತಾರೆ. ಸುಮಿತ್ರಾ ಸತ್ತಾಗಲೂ ಎಲ್ಲರೂ ಬಿ.ಪಿ. ಎಂದರು. ನಾನೂ ತಲೆಯಾಡಿಸಿದೆ.

ಅವಳ ಕೊನೆಯ ಕರೆಯ ಸಂಗತಿ ಇಲ್ಲಿ ಹೇಳಿಬಿಡುತ್ತೇನೆ. ಆ ಮೇ ತಿಂಗಳ ಸೆಕೆ ನಮ್ಮ ಹಿರಿಯರು ಕಂಡ ಸೆಕೆಯಾಗಿರಲಿಲ್ಲ. ಕಡಲ ಗಾಳಿಯೇ ಸತ್ತಿತ್ತು. ಸುಮಿತ್ರಾ ಮಧ್ಯಾಹ್ನ ತಾರಸಿಯ ಮೇಲೆ ಸೊಲೆ ಮಗುಚಿ, ಕೆಳಗಿಳಿದು ಸ್ಲ್ಯಾಬಿನಡಿಯ ಕೋಣೆಯಲ್ಲಿ ಕೂತಿದ್ದಳು. ಬೀರಣ್ಣ ದೋಣಿಯ ಎಂಜಿನ್ ರಿಪೇರಿಗೆ ಬಂದರಿಗೆ ಹೋಗಿದ್ದರು. ಮೂರಕ್ಕೆ ನಾನು ಫೋನು ಮಾಡಿದೆ. ಅವಳು ಎತ್ತಿ, "ಕಾರವಾರ" ಎಂದಳು.

"ಏ ಮಾರಾಯ್ತಿ, ಕಾರವಾರ ನಾನು. ನೀ ಅಂಕೋಲಾ!" ಎಂದು ನಕ್ಕೆ.

ಅವಳು ದಪ್ಪ ನಾಲಿಗೆಯಲ್ಲಿ, "ಲೈನ್ ಎಂಗೇಜ್ ಅದೆ. ಆಮೇಲೆ ಮಾಡಿ" ಎಂದಳು.

ತಮಾಷೆ ಮಾಡುತ್ತಿದ್ದಾಳೆಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಯ್ತು ಮೇಡಂ ಎಂದು ಫೋನು ಇಟ್ಟೆ. ಮಾತು ಮುಗೀತಾ ಎಂದು ಕೇಳಲಿಲ್ಲ. ಐದಕ್ಕೆ ಬೀರಣ್ಣ ಬಂದಾಗ ಅವಳು ಫೋನಿನ ಪಕ್ಕ ನೆಲದ ಮೇಲಿದ್ದಳು. ಮರುದಿನ ಬೆಳಗಿನ ಜಾವ ಆಸ್ಪತ್ರೆಯಲ್ಲಿ ಹೋದಳು. ಒಂದು ಹಲೋದಿಂದ ಮನುಷ್ಯರ ಮನಸ್ಸು ಹೇಳುತ್ತೇನೆ ಎಂದು ಜಂಬ ಕೊಚ್ಚಿಕೊಂಡು ಬದುಕಿದವಳು ನಾನು. ಆ ಎರಡು ಗಂಟೆಗಳನ್ನು ನಾನೇ ಹಾಳು ಮಾಡಿದೆ.

ಒಂಬತ್ತನೆಯ ದಿನ, ಮಧ್ಯಾಹ್ನ

ಇಷ್ಟಾದ ಮೇಲೂ ನನಗೆ ಬುದ್ಧಿ ಬರಲಿಲ್ಲ ಎಂಬುದಕ್ಕೆ ಈ ದಿನ ಸಾಕ್ಷಿ.

ನೇತ್ರಾ ಕಾಲು ತೋರಿಸಲು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋಗಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ನಿನ್ನ ಕಾರುಬಾರು ಮಾಡ್ಬೇಡ ಮತ್ತೆ" ಎಂದು ಕೈಮುಗಿದಳು. ಅಜ್ಜಿ ಊಟ ಮಾಡಿ ಮುಂದಿನ ಕೋಣೆಯ ಆರಾಮ ಕುರ್ಚಿಯಲ್ಲಿ ನಿದ್ದೆ ಹೋದರು. ಆ ಕತ್ತಲೆಯಲ್ಲಿ ಅವರ ಬಿಳೀ ಮುಖ ನೋಡಿದೆ. ಪಾಪ, ಉಸಿರು ಕಟ್ಟಿ ಸಾಯುತ್ತಾರೆ, ಒಂದು ಗಳಿಗೆ ಗಾಳಿಯಾದರೂ ಸಿಗಲಿ. ಏಳುವ ಮೊದಲು ಮುಚ್ಚಿದರಾಯಿತು.

ಎಂಟೂ ಕಿಟಕಿ ತೆರೆದೆ. ಮುಂದಿನ ಬಾಗಿಲು, ಹಿಂದಿನ ಬಾಗಿಲು ತೆರೆದೆ. ಊರಲ್ಲಿ ಮಾಡುವ ಹಾಗೆ ನೆಲಕ್ಕೆ ಒಂದು ಬಾಲ್ದಿ ನೀರು ಚಿಮುಕಿಸಿದೆ. ಗಾಳಿ ಬಂತು. ಮದುವೆ ಮನೆಯ ಅಡುಗೆ ಒಲೆಯೆದುರು ಬಗ್ಗಿದಾಗ ಮುಖಕ್ಕೆ ಬಡಿಯುವಂಥ ಗಾಳಿ. ಶುರುವಿಗೆ ಹಾಗೇ, ಆಮೇಲೆ ತಂಪಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಅಜ್ಜಿ ಎದ್ದ ಮೇಲೆ ಕೊಡೋಣವೆಂದು ಅಡುಗೆಮನೆಯಲ್ಲಿ ಸೊಲೆ ನೆನೆಹಾಕಿ ಹಿಸುಕುತ್ತ ಕೂತೆ. ಬಹಳ ದೊಡ್ಡ ಪುಣ್ಯದ ಕೆಲಸ ಮಾಡಿದವಳ ಹಾಗೆ ಹಾಡು ಬೇರೆ ಗುನುಗುತ್ತಿದ್ದೆ. ಸುಮಾರು ಒಂದು ಗಂಟೆ ಕಳೆದಿರಬೇಕು.

ಗೋಡೆಯ ಗಡಿಯಾರ ಮೂರು ಹೊಡೆಯಿತು. ಮೂರಕ್ಕೆ ನನ್ನ ಕೈ ಈಗಲೂ ಫೋನು ಹುಡುಕುತ್ತದೆ. ಫೋನಿಲ್ಲದ್ದಕ್ಕೆ ಎದ್ದು ಮುಂದಿನ ಕೋಣೆಗೆ ಹೋದೆ.

ಅಜ್ಜಿ ಕಣ್ಣು ಬಿಟ್ಟುಕೊಂಡಿದ್ದರು. ನನ್ನನ್ನು ನೋಡಿ, "ಲೂಸಿಯಾ" ಎಂದರು.

ನನಗೆ ನಗು ಬಂತು. "ನಾ ಲೂಸಿಯಾ ಅಲ್ಲ, ಕಾರವಾರ" ಎಂದು ನಕ್ಕೆ. ಅದೇ ಮಾತು, ಅದೇ ನಗು, ಅದೇ ಮೂರು ಗಂಟೆ. ಅಜ್ಜಿ ಇನ್ನೇನೋ ಹೇಳಿದರು. ಭಾಷೆ ಬೇರೆ, ನಾಲಿಗೆ ಅದೇ ದಪ್ಪ ನಾಲಿಗೆ. ಹಣೆ ಮುಟ್ಟಿದರೆ ಕಾದ ಕಾವಲಿ, ಒಂದು ಹನಿ ಬೆವರಿಲ್ಲ.

ಆಮೇಲೆ ನಾನು ಮಾಡಿದ್ದು ನನಗೆ ಪೂರ್ತಿ ನೆನಪಿಲ್ಲ. ಸೊಲೆ ಹಿಸುಕಿದ ಕೆಂಪು ಕೈಯಲ್ಲೇ ಅಜ್ಜಿಯನ್ನು ತಬ್ಬಿ ನೆಲಕ್ಕೆ ಇಳಿಸಿದೆ. ಉಳಿದಿದ್ದ ಬಾಲ್ದಿಯ ನೀರನ್ನೆಲ್ಲ ಗೌನಿನ ಮೇಲೆ ಸುರಿದೆ. ಬಾಗಿಲಿಗೆ ಓಡಿ, ಸುಡುವ ಖಾಲಿ ಬೀದಿಯ ನಡುವೆ ನಿಂತು, ಮೂವತ್ತು ವರ್ಷ ಕೆಟ್ಟ ಲೈನುಗಳಲ್ಲಿ ಕಿರುಚಿ ಪಳಗಿದ ಗಂಟಲಿನಿಂದ ಕೂಗಿದೆ: "ಬಾಲ್ದೀ! ಬಾಲ್ದೀ!"

ಒಂದಾದ ಮೇಲೊಂದು ಬಾಗಿಲು ತೆರೆದವು. ಎಂಬತ್ತರ ಮುದುಕಿಯರು ಎರಡು ಕೈಯಲ್ಲಿ ಬಕೇಟು ಹಿಡಿದು ಬಂದರು. ಒಬ್ಬರು ಆಂಬುಲೆನ್ಸಿಗೆ ಫೋನು ಮಾಡಿದರು. ಉಳಿದವರು ಒದ್ದೆ ಬಟ್ಟೆಯನ್ನು ಅಜ್ಜಿಯ ಕುತ್ತಿಗೆಗೆ, ಕಂಕುಳಿಗೆ ಇಟ್ಟು, ಮೇಜಿನ ಬಟ್ಟೆಯಿಂದ ಗಾಳಿ ಬೀಸಿದರು. ನಾನು ಸೀರೆಯ ಸೆರಗನ್ನೇ ಒದ್ದೆ ಮಾಡಿ ಬೀಸಿದೆ. ಜುವಾಕಿಂ ಅಜ್ಜ ಕೊನೆಗೆ ಬಂದರು. ಮನೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಒಂದೊಂದೇ ಕಿಟಕಿ ಮುಚ್ಚುತ್ತ ಹೋದರು. ಎಂಟು ಸಲ ಚಿಲಕದ ಸದ್ದಾಯಿತು. ಆ ಎಂಟೂ ನನ್ನ ಬೆನ್ನಿಗೇ ಬಿದ್ದವು.

ಆಂಬುಲೆನ್ಸ್ ಹೋದ ಮೇಲೆ ನೇತ್ರಾ ಬಂದಳು. ಎಲ್ಲ ಹೇಳಿದೆ, ಮುಚ್ಚಿಡಲಿಲ್ಲ. ಅವಳು ಬಯ್ಯಲಿಲ್ಲ. ಬೈದಿದ್ದರೆ ನಾನು ಅಂದು ಉಣ್ಣುತ್ತಿದ್ದೆ.

ಹನ್ನೆರಡನೆಯ ದಿನ

ಅಜ್ಜಿ ಬದುಕಿದರು. ವೈದ್ಯರು ನೇತ್ರಾಳಿಗೆ, ನೀರು ಸುರಿದದ್ದು ಒಳ್ಳೆಯದಾಯಿತು, ಯಾರು ಗುರುತು ಹಿಡಿದರು ಎಂದು ಕೇಳಿದರಂತೆ. "ನನ್ನ ಮಾವ್ಶಿ" ಎಂದಳಂತೆ. ಕಿಟಕಿ ತೆರೆದವರು ಯಾರು ಎಂದು ಅವರು ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಅಜ್ಜಿ ಮಾತ್ರ ಬಿಡಲಿಲ್ಲ. ಮನೆಗೆ ಬಂದ ಸಂಜೆ ಕೈಕೋಲಿನಿಂದ ತೋರಿಸುತ್ತ, ನನ್ನ ಕೈಯಲ್ಲಿ ಎಂಟೂ ಕಿಟಕಿ ತೆರೆಸಿದರು, ಮುಚ್ಚಿಸಿದರು, ಮತ್ತೆ ತೆರೆಸಿದರು, ಮತ್ತೆ ಮುಚ್ಚಿಸಿದರು. ಒಂದನೇ ಕ್ಲಾಸಿನಲ್ಲಿ ಬಸ್ಕಿ ಹೊಡೆದ ಮೇಲೆ ನಾನು ಹೀಗೆ ಅವಮಾನ ಪಟ್ಟದ್ದು ಅಂದೇ. ಆಮೇಲೆ ಸೊಲೆಯ ಸಾರು ಕೊಟ್ಟೆ. ಒಂದು ಗುಟುಕು ಕುಡಿದು ಆ ಕಸ್ಟಮ್ಸ್ ಅಧಿಕಾರಿಯದೇ ಮುಖ ಮಾಡಿದರು. ಆದರೂ ಲೋಟ ಖಾಲಿ ಮಾಡಿದರು.

ಕುರ್ಚಿಗಳು ಹೊರಬಂದವು. ಅಜ್ಜಿ ಇಡೀ ಬೀದಿಗೆ ನನ್ನ ಕಥೆ ಅಭಿನಯಿಸಿ ತೋರಿಸಿದರು: ನಾನು ಕಿಟಕಿ ತೆರೆಯುವುದು, ಸೊಂಟದ ಮೇಲೆ ಕೈಯಿಟ್ಟು ಗಾಳಿಗೆ ಕಾಯುವುದು, ಬಾಲ್ದೀ ಎಂದು ಕಿರುಚುವುದು. ಜುವಾಕಿಂ ಅಜ್ಜ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ನಾನು ಹೊಸ್ತಿಲ ಮೇಲೆ ಕೂರಲು ಹೋದೆ. ಅಜ್ಜಿ ಕೋಲಿನಿಂದ ಪಕ್ಕದ ಕುರ್ಚಿ ಕುಟ್ಟಿದರು. "ಕಾರ್ವಾರ್" ಎಂದರು. ಸರಿಯಾದ ಹೆಸರು, ಸರಿಯಾದ ನಾಲಿಗೆ. ಲೂಸಿಯಾಳ ಕುರ್ಚಿಯಲ್ಲಿ ಕೂತು ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಬೀದಿಯವರು ಅದನ್ನೂ ಅಭಿನಯ ಎಂದುಕೊಂಡರು.

ಅಂಕೋಲಾ

ಆಗಸ್ಟ್ ಕೊನೆಗೆ ಊರಿಗೆ ಬಂದೆ. ಬಂದ ಮೂರನೆಯ ದಿನ ಅಂಕೋಲಾಕ್ಕೆ ಹೋಗಿ ಬೀರಣ್ಣನೆದುರು ಕೂತು ಆ ಕರೆಯ ಕಥೆ ಹೇಳಿದೆ. ಕಾರವಾರ ಎಂದದ್ದು, ಲೈನ್ ಎಂಗೇಜ್ ಎಂದದ್ದು, ನಾನು ನಕ್ಕದ್ದು, ಕೇಳದೆ ಇಟ್ಟದ್ದು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅಂಗಳದಲ್ಲಿ ಮಳೆ ಸುರಿಯುತ್ತಿತ್ತು. "ಮಳೆ ಜೋರಾಗ್ತದೆ. ಐದರ ಬಸ್ಸು ಹಿಡಿ" ಎಂದರು. ಚಾ ಕುಡಿ ಎನ್ನಲಿಲ್ಲ. ಚಾ ಕೊಡದೆ ಕಳಿಸುವ ಮನೆ ಅದಾಗಿರಲಿಲ್ಲ. ಮುಗಿಯಿತು ಎಂದುಕೊಂಡೆ. ದೀಪಾವಳಿಗೆ ಫೋನು ಮಾಡಿದೆ, ಎತ್ತಲಿಲ್ಲ.

ಈ ವರ್ಷ ಮಾರ್ಚ್ ಮುಗಿಯುವ ಮೊದಲೇ ಸೆಕೆ ಶುರುವಾಯಿತು. ನಾನು ಹಳೆಯ ಆಪರೇಟರುಗಳ ನಂಬರು ಹುಡುಕಿ ತೆಗೆದೆ. ಮಧ್ಯಾಹ್ನ ಮೂರಕ್ಕೆ ಒಬ್ಬೊಬ್ಬರಿಗೇ ಕರೆ. ಎತ್ತಿದ ಕೂಡಲೇ ಊರು ಹೇಳಬೇಕು, ಬೇರೆ ಏನೂ ಬೇಡ. "ಕುಮಟಾ" ಎನ್ನುತ್ತಾಳೆ ಒಬ್ಬಳು. "ಹೊನ್ನಾವರ. ಎಂತಾ ಮಳ್ಳು ಹಿಡೀತೇ ನಿಂಗೆ?" ಎನ್ನುತ್ತಾಳೆ ಇನ್ನೊಬ್ಬಳು. ಕೊನೆಗೆ ವಿಡಿಯೋದಲ್ಲಿ ದೋನಾ ಅಮೇಲಿಯಾ. "ಬೇಜಾ" ಎಂದು ಗತ್ತಿನಿಂದ ಹೇಳಿ, ನನ್ನ ಹಿಂದೆ ತೆರೆದ ಕಿಟಕಿ ಕಂಡದ್ದೇ ಕೋಲು ಎತ್ತುತ್ತಾರೆ. ಇಲ್ಲಿ ಮುಚ್ಚಿದರೆ ನಾವು ಬೆಂದುಹೋಗುತ್ತೇವೆ ಅಜ್ಜಿ ಎಂದರೆ ಅವರಿಗೆ ಅರ್ಥವಾಗುವುದಿಲ್ಲ. ಮೊಂಡು ಮುದುಕಿ.

ಕಾರವಾರದಿಂದ ಹೊರಟರೆ ಮೊದಲು ಸಿಗುವುದು ಅಂಕೋಲಾ. ಅದನ್ನು ಬಿಟ್ಟು ಕುಮಟಾದಿಂದ ಶುರು ಮಾಡುವುದು ನನಗೆ ದಿನವೂ ಕಷ್ಟವಾಗುತ್ತಿತ್ತು.

ಏಪ್ರಿಲ್ ಎರಡನೆಯ ವಾರ. ಗಾಳಿ ಬಿದ್ದುಹೋಗಿ ಕಾಗೆಗಳೂ ಬಾಯಿ ಕಳೆದು ಕೂತಿದ್ದ ಮಧ್ಯಾಹ್ನ. ಕುಮಟಾಕ್ಕೆ ಹಚ್ಚಬೇಕು ಎನ್ನುವಷ್ಟರಲ್ಲಿ ನನ್ನ ಫೋನೇ ಬಡಿದುಕೊಂಡಿತು. ಎತ್ತಿ "ಕಾರವಾರ" ಎಂದೆ.

ಅತ್ತ ಕಡೆಯಿಂದ ಒರಟು ಗಂಡು ದನಿ.

"ಅಂಕೋಲಾ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಸೆಕೆ ಅದೆ" ಎಂದರು ಬೀರಣ್ಣ. "ಮೂರಕ್ಕೆ ನೀ ಎಲ್ಲರಿಗೂ ಫೋನು ಮಾಡ್ತ್ಯಂತೆ, ಕುಮಟಾದವಳು ಹೇಳ್ತು. ಜನೇಲ ಎಲ್ಲಾ ತೆಗೆದಿಟ್ಟಿದ್ದೆ. ನೀರು ಕುಡ್ದಿದ್ದೆ. ಬುದ್ಧಿ ಸರಿ ಅದೆ. ಮತ್ತೆಂತ ಬೇಕು ನಿಂಗೆ?"

ಬೇಕಾದದ್ದೆಲ್ಲ ಸಿಕ್ಕಿತ್ತು. ಆದರೂ ನಿಯಮ ನಿಯಮವೇ. ಕೇಳಿದೆ: "ಮಾತು ಮುಗೀತಾ?"

"ಇಲ್ಲ" ಎಂದರು. "ಅವಳು ಆ ದಿನ ಎಂತಾ ಹೇಳ್ತು, ಇನ್ನೊಂದ್ಸಲ ಹೇಳು."